ಜೈಸಲ್ಮೇರ್ ದುರ್ಗ ಮತ್ತು ಅದರ ಗರ್ಭದ ಗ್ರಂಥಭಂಡಾರ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. 1076-1126) ಇತಿಹಾಸವನ್ನು ಬರೆಯುವವರೆಲ್ಲರೂ ಶಾಸನಗಳೊಂದಿಗೆ ಬಿಲ್ಹಣನ 'ವಿಕ್ರಮಾಂಕದೇವಚರಿತ'ವನ್ನು ಆಧಾರವಾಗಿ ಹಿಡಿಯುವುದು ವಾಡಿಕೆ. ಕಾಶ್ಮೀರದಿಂದ ಹೊರಟು ದೇಶವನ್ನೆಲ್ಲ ಸುತ್ತಿ ಕೊನೆಗೆ ಕಲ್ಯಾಣದ ಆಸ್ಥಾನದಲ್ಲಿ 'ವಿದ್ಯಾಪತಿ'ಯಾದ ಈ ಕವಿಯ 18 ಸರ್ಗಗಳ ಕಾವ್ಯವು ಆಧುನಿಕ ವಿದ್ವಲ್ಲೋಕಕ್ಕೆ ದೊರೆತದ್ದು ಕರ್ಣಾಟಕದಲ್ಲಿ ಅಲ್ಲ, ಕವಿಯ ಜನ್ಮಭೂಮಿಯಲ್ಲಿಯೂ ಅಲ್ಲ. 1874ರ ಆರಂಭದಲ್ಲಿ ಥಾರ್ ಮರುಭೂಮಿಯ ನಡುವಿನ ಜೈಸಲ್ಮೇರ್ ದುರ್ಗದಲ್ಲಿ, ಜಿನಾಲಯವೊಂದರ ನೆಲಮಾಳಿಗೆಯಲ್ಲಿ, ಗೇಯೋರ್ಗ್ ಬ್ಯೂಲರ್ ಮತ್ತು ಆಗಿನ್ನೂ ತರುಣರಾಗಿದ್ದ ಹರ್ಮನ್ ಯಾಕೋಬಿ ಇವರ ಕೈಗೆ ಅದರ ತಾಡಪತ್ರ ಪ್ರತಿ ಬಂದಿತು. ಇಬ್ಬರೂ ಕುಳಿತು ಕೆಲವೇ ದಿನಗಳಲ್ಲಿ ಅದನ್ನು ಪ್ರತಿಮಾಡಿಕೊಂಡರು. 1875ರಲ್ಲಿ ಮುಂಬಯಿ ಸಂಸ್ಕೃತ ಗ್ರಂಥಮಾಲೆಯಲ್ಲಿ ಕಾವ್ಯವು ಅಚ್ಚಾಯಿತು. ಆ ಮುದ್ರಣಕ್ಕೆ ಆಧಾರ ಆ ಒಂದೇ ಪ್ರತಿ.

ಇದು ನಮ್ಮ ವಿದ್ವಾಂಸರಿಗೆ ತಿಳಿಯದ ಸಂಗತಿಯೇನಲ್ಲ. ಆದರೆ ಗ್ರಂಥಸಂಪಾದನೆಯ ಪೀಠಿಕೆಗಳಲ್ಲಿ ನಾವು 'ಜೈಸಲ್ಮೇರ್ ಪ್ರತಿ' ಎಂದು ಸಂಕೇತಾಕ್ಷರವೊಂದನ್ನು ನಮೂದಿಸಿ, ಗರಿಗಳ ಸಂಖ್ಯೆ, ಉದ್ದ, ಅಗಲ, ಪಂಕ್ತಿಗಳನ್ನು ಹೇಳಿ ಮುಂದೆ ಸಾಗುತ್ತೇವೆ. ಆ ಗರಿಗಳು ಯಾವ ಕಲ್ಲಿನ ಆಶ್ರಯದಲ್ಲಿ ಐದಾರು ಶತಮಾನ ಉಳಿದುಕೊಂಡವು, ಆ ಕಲ್ಲನ್ನು ಯಾರು, ಯಾವಾಗ, ಹೇಗೆ ಜೋಡಿಸಿದರು ಎಂಬುದನ್ನು ಪ್ರತಿಯ ವಿವರಣೆಯ ಭಾಗವೆಂದು ಎಣಿಸುವುದಿಲ್ಲ. ಜೈಸಲ್ಮೇರಿನ ವಿಷಯದಲ್ಲಂತೂ ಈ ವಿಭಾಗ ಸಲ್ಲದು. ಅಲ್ಲಿ ದುರ್ಗವೇ ಗ್ರಂಥದ ಹೊರಕಟ್ಟು. ಅದರ ರಚನೆಯನ್ನು ತಿಳಿಯದೆ ಭಂಡಾರದ ಇತಿಹಾಸ ಪೂರ್ಣವಾಗಿ ತಿಳಿಯದು. ದುರ್ಗಕ್ಕೆ ಒದಗಿರುವ ಅಪಾಯವೂ ಭಂಡಾರದ ಅಪಾಯವೇ ಆಗಿದೆ. ಈ ದೃಷ್ಟಿಯಿಂದ ಆ ಕೋಟೆಯ ಚರಿತ್ರೆಯನ್ನೂ ವಾಸ್ತುವನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ದುರ್ಗವು ತ್ರಿಕೂಟವೆಂಬ ಗುಡ್ಡದ ಮೇಲಿದೆ. ಹೆಸರೇ ಹೇಳುವಂತೆ ಗುಡ್ಡದ ನೆಲೆ ಹೆಚ್ಚು ಕಡಿಮೆ ಮೂರು ಮೂಲೆಯದು. ಸುತ್ತಣ ಬಯಲಿನಿಂದ ಸುಮಾರು 250 ಅಡಿ ಎತ್ತರದಲ್ಲಿ, ಸುಮಾರು 1500 ಅಡಿ ಉದ್ದ ಮತ್ತು 750 ಅಡಿ ಅಗಲದ ನೆತ್ತಿಯ ಮೇಲೆ ಕೋಟೆಯೂ ಅರಮನೆಯೂ ದೇವಾಲಯಗಳೂ ಮನೆಗಳೂ ಒತ್ತೊತ್ತಾಗಿ ನಿಂತಿವೆ. ನಮ್ಮ ಚಿತ್ರದುರ್ಗದಂತೆ ಇದು ಹೆಬ್ಬಂಡೆಗಳ ಬೆಟ್ಟವಲ್ಲ. ಮರಳುಗಲ್ಲು, ಜೇಡಿ, ಸಡಿಲವಾದ ಪದರುಗಲ್ಲು ಒಂದರ ಮೇಲೊಂದು ಕುಳಿತ ದುರ್ಬಲ ಗುಡ್ಡ. ಒಣಗಿರುವವರೆಗೆ ಅದು ಗಟ್ಟಿ. ನೆನೆದರೆ ಪದರಗಳು ಜಾರುತ್ತವೆ. ಮುಂದಿನ ಮಾತುಗಳಿಗೆಲ್ಲ ಇದೇ ಅಡಿಗಲ್ಲಾದುದರಿಂದ ಓದುಗರು ಇದನ್ನು ನೆನಪಿನಲ್ಲಿಡಬೇಕು.

ಭಾಟಿ ರಜಪೂತರ ರಾವಳ ಜೈಸಲನು ಲೋದ್ರವಾ ಎಂಬ ಹಿಂದಿನ ರಾಜಧಾನಿಯನ್ನು ತೊರೆದು ವಿ.ಸಂ. 1212ರಲ್ಲಿ, ಎಂದರೆ ಕ್ರಿ.ಶ. 1156ರಲ್ಲಿ, ಇಲ್ಲಿ ಕೋಟೆಯನ್ನು ಕಟ್ಟಿಸಿದನೆಂದು ಪ್ರಸಿದ್ಧಿಯಿದೆ. ಲೋದ್ರವಾ ಬಯಲಿನ ಊರು, ದಾಳಿಕಾರರಿಗೆ ಸುಲಭಗ್ರಾಹ್ಯ. ಅಲ್ಲಿಂದ ಸುಮಾರು ಹತ್ತು ಮೈಲಿ ದೂರದ ಈ ಗುಡ್ಡವನ್ನು ಆರಿಸಿದುದರಲ್ಲಿ ಆಶ್ಚರ್ಯವೇನಿಲ್ಲ. ಶ್ರೀಕೃಷ್ಣನೇ ಈ ಗುಡ್ಡದ ಮೇಲೆ ಬಾವಿಯೊಂದನ್ನು ತೆರೆದನೆಂಬ ಸ್ಥಳಪುರಾಣವೂ ಇದೆ. ಯದುವಂಶದವರೆಂದು ಹೇಳಿಕೊಳ್ಳುವ ಭಾಟಿ ಅರಸರಿಗೆ ಅದು ಸಹಜವೇ. ಪುರಾಣವನ್ನು ಬದಿಗಿಟ್ಟರೂ ಕೋಟೆಯೊಳಗೆ ಬಾವಿಗಳಿದ್ದುವೆಂಬ ವಾಸ್ತವ ಅದರಲ್ಲಿ ಅಡಗಿದೆ; ನೀರಿಲ್ಲದ ದುರ್ಗ ದುರ್ಗವಲ್ಲವಷ್ಟೆ.

1156 ಎಂಬ ವರ್ಷವು ಮುಖ್ಯವಾಗಿ 'ಖ್ಯಾತ'ಗಳೆಂಬ ರಾಜಸ್ಥಾನಿ ವೃತ್ತಾಂತಗ್ರಂಥಗಳನ್ನು ಅವಲಂಬಿಸಿದೆ. ಅವು ಬಹುಪಾಲು 17ನೆಯ ಶತಮಾನ ಮತ್ತು ಅದರ ಮುಂದಿನವು. ಅವುಗಳಲ್ಲಿ ಹೆಸರಾಂತ ಖ್ಯಾತವನ್ನು ಸಂಗ್ರಹಿಸಿದ ಮುಹಣೋತ ನೈಣಸೀ ಜೋಧಪುರದ ದಿವಾನನಾಗಿದ್ದ ಓಸವಾಲ ಜೈನನೆಂಬುದನ್ನು ಇಲ್ಲಿಯೇ ಹೇಳಬಹುದು. ಆದರೆ ಭಾಟಿ ಅರಸರ ವಂಶಾವಳಿಗೆ ಖ್ಯಾತಗಳಿಗಿಂತ ಎರಡು ಶತಮಾನ ಹಿಂದಿನ ಬೇರೊಂದು ಆಧಾರವಿದೆ. ಅದು ದುರ್ಗದ ಜಿನಾಲಯಗಳ ಪ್ರಶಸ್ತಿಶಾಸನಗಳು. ಪಾರ್ಶ್ವನಾಥ ಜಿನಾಲಯದ ವಿ.ಸಂ. 1473ರ ಶಾಸನ, ಸಂಭವನಾಥ ಜಿನಾಲಯದ ವಿ.ಸಂ. 1497ರ ಶಾಸನ, ಇವು ಗುರುಪರಂಪರೆಯನ್ನೂ ದಾನಿಗಳ ವಂಶವನ್ನೂ ಹೇಳುವ ಜೊತೆಗೆ ರಾಜಪರಂಪರೆಯನ್ನೂ ದಾಖಲಿಸುತ್ತವೆ. ಪೂರಣಚಂದ ನಾಹರರು 1929ರಲ್ಲಿ ಜೈಸಲ್ಮೇರಿನ ಜೈನ ಲೇಖಗಳಿಗೇ ಮೀಸಲಾದ ಸಂಪುಟವನ್ನು ಪ್ರಕಟಿಸಿ ಇವುಗಳನ್ನು ಸುಲಭಲಭ್ಯವಾಗಿಸಿದರು. ದುರ್ಗದ ಅರಸರ ಇತಿಹಾಸಕ್ಕೆ ದೇವಾಲಯವನ್ನು ಕಟ್ಟಿಸಿದ ವರ್ತಕರ ಕಲ್ಲುಗಳೇ ಹಳೆಯ ಸಾಕ್ಷಿಯಾಗಿರುವುದು ಕರ್ಣಾಟಕದ ಶಾಸನಾಭ್ಯಾಸಿಗಳಿಗೆ ಹೊಸತಾಗಿ ಕಾಣದು. ಈ ಪ್ರದೇಶದ ಶಾಸನಗಳಲ್ಲಿ ವಿಕ್ರಮ ಸಂವತ್ಸರದೊಡನೆ ಒಮ್ಮೊಮ್ಮೆ 'ಭಾಟಿಕ' ಎಂಬ ಸ್ಥಳೀಯ ಶಕವೂ ಬರುತ್ತದೆ. ಅದರ ಆರಂಭ ಕ್ರಿ.ಶ. 624ರ ಸುಮಾರಿಗೆ, ಕಾಲನಿರ್ಣಯದಲ್ಲಿ ಎಚ್ಚರ ತಪ್ಪಬಾರದು.

ಇನ್ನು ಕೋಟೆಯ ರಚನೆ. ಇಲ್ಲಿ ಒಂದಲ್ಲ, ಮೂರು ಸುತ್ತುಗಳಿವೆ. ಎಲ್ಲಕ್ಕಿಂತ ಕೆಳಗಿನದು ನಿಜಾರ್ಥದಲ್ಲಿ ಕೋಟೆಗೋಡೆಯೇ ಅಲ್ಲ. ಗುಡ್ಡದ ಸಡಿಲ ಇಳಿಜಾರು ಕುಸಿಯದಂತೆ ಅದರ ಮೈಗೆ ಒರಗಿಸಿ ಕಟ್ಟಿದ ಕಲ್ಲಿನ ಆನಿಕೆ. ಸ್ತ್ರೀಯರ ಗೇರುಳ್ಳ ಲಂಗದಂತೆ ಗುಡ್ಡದ ಬುಡವನ್ನು ಸುತ್ತಿರುವುದರಿಂದ ಜನರು ಅದನ್ನು 'ಘಾಘರಾ' ಎನ್ನುತ್ತಾರೆ. ಅದರ ಮೇಲೆ ಹೊರಗೋಡೆ, ಅದರೊಳಗೆ ಒಳಗೋಡೆ. ಇವೆರಡರ ನಡುವೆ ಕಾವಲುಗಾರರು ಸುತ್ತುಬರುವ ಕಿರಿದಾದ ಓಣಿಗೆ 'ಮೋರಿ' ಎಂದು ಹೆಸರು. ಕನ್ನಡದಲ್ಲಿ ಮೋರಿಯೆಂದರೆ ಚರಂಡಿ. ಇಲ್ಲಿಯ ಮೋರಿ ಯುದ್ಧಕಾಲದಲ್ಲಿ ಸೈನಿಕರು ಓಡಾಡುವ ದಾರಿ. ಆದರೆ ಮಳೆಗಾಲದಲ್ಲಿ ನೀರು ಹರಿದು ಹೋಗುವುದಕ್ಕೂ ಇದೇ ಸುತ್ತಿನ ಆಸರೆಯಿದ್ದುದರಿಂದ ಎರಡು ಅರ್ಥಗಳೂ ಕೊನೆಗೆ ಬಹು ದೂರವಿಲ್ಲ.

ಗೋಡೆಯ ಉದ್ದಕ್ಕೂ ಅರೆದುಂಡನೆಯ ಕೊತ್ತಳಗಳು ಒಂದಕ್ಕೊಂದು ತಾಗುವಂತೆ ಸಾಲುಗಟ್ಟಿವೆ. ಅವುಗಳ ಸಂಖ್ಯೆ 99. ಇವುಗಳಲ್ಲಿ 92 ಕೊತ್ತಳಗಳು 1633 ಮತ್ತು 1647ರ ನಡುವೆ ಕಟ್ಟಲ್ಪಟ್ಟವು ಅಥವಾ ಬಹುಮಟ್ಟಿಗೆ ಪುನರ್ನಿರ್ಮಿತವಾದವು. ದೂರದಿಂದ ಇಡಿಯ ದುರ್ಗವು 12ನೆಯ ಶತಮಾನದ ಒಂದೇ ಎರಕದಂತೆ ಕಂಡರೂ ನಾವು ಈಗ ನೋಡುವ ಹೊರರೂಪ ಬಹುಪಾಲು 17ನೆಯ ಶತಮಾನದ್ದು. ಫಿರಂಗಿಗಳ ಯುಗಕ್ಕೆ ತಕ್ಕಂತೆ ಹಳೆಯ ಕೋಟೆಯನ್ನು ಬಲಪಡಿಸಿದ ಫಲ ಅದು. ಗೋಡೆಯ ತಲೆಯ ಮೇಲೆ ದುಂಡನೆಯ ಮತ್ತು ಉರುಳೆಯಾಕಾರದ ಕಲ್ಲುಗಳನ್ನು ಸಾಲಾಗಿ ಇಟ್ಟಿರುವುದು ನೋಡುಗರ ಗಮನ ಸೆಳೆಯುತ್ತದೆ. ಅವು ಅಲಂಕಾರವಲ್ಲ, ಹತ್ತಿಬರುವ ಶತ್ರುವಿನ ಮೇಲೆ ಉರುಳಿಸಲು ಸಿದ್ಧವಾಗಿಟ್ಟ ಆಯುಧಗಳು.

ಒಳಗೆ ಹೋಗುವ ದಾರಿ ಒಂದೇ. ಅಖೈ ಪೋಲ್, ಸೂರಜ್ ಪೋಲ್, ಗಣೇಶ ಪೋಲ್, ಹವಾ ಪೋಲ್ ಎಂಬ ನಾಲ್ಕು ಹೆಬ್ಬಾಗಿಲುಗಳನ್ನು ಕ್ರಮವಾಗಿ ದಾಟಬೇಕು. ಇವುಗಳಲ್ಲಿ ಅಖೈ ಪೋಲ್ ಎಲ್ಲಕ್ಕಿಂತ ಹೊರಗಿನದು ಮತ್ತು ಈಚಿನದು. 18ನೆಯ ಶತಮಾನದ ಮಹಾರಾವಳ ಅಖೈಸಿಂಹನ ಹೆಸರು ಅದಕ್ಕಿದೆ. ಕಲ್ಲುಹಾಸಿನ ಏರುದಾರಿ ಬಾಗಿಲಿಂದ ಬಾಗಿಲಿಗೆ ತಿರುವಿಕೊಳ್ಳುತ್ತದೆ. ಆನೆಯೂ ಕುದುರೆಯೂ ಓಡಿಬಂದು ಕದಕ್ಕೆ ಗುದ್ದಲು ಬೇಕಾದ ನೇರ ಹರವು ಎಲ್ಲಿಯೂ ದೊರೆಯದು. ಕೊನೆಯ ಬಾಗಿಲು ಕಳೆದರೆ ದಸರಾ ಚೌಕ. ಅದರ ಸುತ್ತ ಜೂನಾ ಮಹಲ್, ರಂಗಮಹಲ್, ಸರ್ವೋತ್ತಮ ವಿಲಾಸ, ಗಜವಿಲಾಸ ಮೊದಲಾದ ಅರಮನೆಗಳು ಬೇರೆ ಬೇರೆ ಕಾಲದಲ್ಲಿ ಒಂದರ ಮೈಗೆ ಒಂದು ಬೆಳೆದಿವೆ. ಅವುಗಳ ಕೆತ್ತನೆಯ ಗವಾಕ್ಷಗಳನ್ನು ಪ್ರವಾಸಿಗಳು ಸಾಕಷ್ಟು ಹೊಗಳಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ನಮಗೆ ಮುಖ್ಯವಾದುದು ಕಟ್ಟಡದ ಕ್ರಮ. ಈ ದುರ್ಗದ ಗೋಡೆಗಳಿಗೆ ಗಾರೆ ಇಲ್ಲ. ಹಳದಿ ಬಣ್ಣದ ಕಲ್ಲನ್ನು ನಯವಾಗಿ ಕೆತ್ತಿ, ಒಂದರ ಮುಂಚಾಚು ಇನ್ನೊಂದರ ಕುಳಿಯಲ್ಲಿ ಕುಳಿತುಕೊಳ್ಳುವಂತೆ ಜೋಡಿಸಿ, ಬೇಕಾದೆಡೆ ಕಬ್ಬಿಣದ ಕೊಂಡಿಗಳಿಂದ ಬಿಗಿಯಲಾಗಿದೆ. ಗಾರೆಗೆ ಸುಣ್ಣ ಸುಡಬೇಕು. ಸುಡಲು ಸೌದೆ ಬೇಕು, ಅರೆಯಲು ನೀರು ಬೇಕು. ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಇವೆರಡೂ ಕಲ್ಲಿಗಿಂತ ದುರ್ಲಭ. ಹೀಗಾಗಿ ಒಣಗಟ್ಟಿನ ಪದ್ಧತಿ ಬಡತನದಿಂದ ಹುಟ್ಟಿದ್ದೆಂದರೂ ನಡೆದೀತು, ಜಾಣ್ಮೆಯಿಂದ ಹುಟ್ಟಿದ್ದೆಂದರೂ ನಡೆದೀತು. ಮನೆಗಳ ಮತ್ತು ಅರಮನೆಗಳ ಮಾಳಿಗೆಗಳೂ ಇದೇ ತರ್ಕಕ್ಕೆ ಸೇರಿದವು. ಮರದ ತೊಲೆಗಳು, ಅವುಗಳ ಮೇಲೆ ಜೊಂಡಿನ ಚಾಪೆ, ಅದರ ಮೇಲೆ ದಪ್ಪನಾದ ಮಣ್ಣಿನ ಹಾಸು. ಬಿಜಾಪುರ, ರಾಯಚೂರು ಕಡೆಯ ಮಾಳಿಗೆ ಮನೆಗಳನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಬಿದ್ದ ಅಲ್ಪ ಮಳೆಯನ್ನು ಮಣ್ಣು ಹೀರಿಕೊಂಡು ಮರುದಿನದ ಬಿಸಿಲಿಗೆ ಬಿಟ್ಟುಕೊಡುತ್ತದೆ. ಉಳಿದ ನೀರನ್ನು 'ಘುಟ್ ನಾಲಿ' ಎಂದು ಕರೆಯುವ ಕಲ್ಲಿನ ಕಾಲುವೆಗಳು ನಾಲ್ಕು ದಿಕ್ಕಿಗೂ ಗುಡ್ಡದಿಂದ ಹೊರಗೆ ಸಾಗಿಸುತ್ತವೆ. ಒಟ್ಟಿನಲ್ಲಿ ಗುಡ್ಡದ ಒಡಲಿಗೆ ನೀರು ಇಳಿಯಬಾರದು ಎಂಬ ಒಂದೇ ಸೂತ್ರದ ಮೇಲೆ ದುರ್ಗದ ಎಲ್ಲ ಅಂಗಗಳೂ ನಿಂತಿವೆ. ಕುಡಿಯುವ ನೀರಿನ ದೊಡ್ಡ ಸಂಗ್ರಹವಾದ ಗಡಿಸರ್ ಕೆರೆಯನ್ನು 14ನೆಯ ಶತಮಾನದಲ್ಲಿ ಕೋಟೆಯ ಕೆಳಗೆ, ಊರ ಹೊರಗೆ ರೂಢಿಸಿದುದೂ ಇದಕ್ಕೆ ಹೊಂದುತ್ತದೆ. ಅಲ್ಲಿಂದ ತಲೆಯ ಮೇಲೆ ಹೊತ್ತು ತಂದ ನೀರನ್ನು ಯಾರು ತಾನೇ ಚೆಲ್ಲುತ್ತಾರೆ?

ಇಂಥ ದುರ್ಗಕ್ಕೆ ಗ್ರಂಥಗಳು ಯಾವಾಗ ಬಂದುವು? ದುರ್ಗದಷ್ಟೇ ಭಂಡಾರವೂ ಹಳೆಯದೆಂಬ ಭಾವನೆ ಅನೇಕರಲ್ಲಿದೆ. ಅಲ್ಲಿರುವ ಕೆಲವು ಪ್ರತಿಗಳ ಪ್ರಾಚೀನತೆ ಆ ಭಾವನೆಗೆ ಕಾರಣ. ಆದರೆ ಪ್ರತಿಯ ಕಾಲವೇ ಬೇರೆ, ಅದು ಭಂಡಾರವನ್ನು ಸೇರಿದ ಕಾಲವೇ ಬೇರೆ. 13ನೆಯ ಶತಮಾನದ ಕೊನೆಯಲ್ಲಿಯೂ 14ನೆಯ ಶತಮಾನದಲ್ಲಿಯೂ ದೀರ್ಘ ಮುತ್ತಿಗೆಗಳು ನಡೆದು, ಸ್ತ್ರೀಯರು ಜೌಹರ ಮಾಡಿ, ದುರ್ಗವು ಭಾಟಿಗಳ ಕೈತಪ್ಪಿತ್ತೆಂದು ಖ್ಯಾತಗಳು ಹೇಳುತ್ತವೆ. ಜೈಸಲ್ಮೇರಿನವರು ಇಂದಿಗೂ 'ಎರಡೂವರೆ ಸಾಕಾ' ಎಂದು ಈ ಬಲಿದಾನಗಳನ್ನು ಎಣಿಸುತ್ತಾರೆ. ಅವುಗಳ ವರ್ಷ, ದಾಳಿಕಾರರ ಹೆಸರುಗಳಲ್ಲಿ ಗೊಂದಲವಿದ್ದರೂ ದುರ್ಗವು ಆ ಕಾಲದಲ್ಲಿ ಗ್ರಂಥಗಳಿಗೆ ನೆಮ್ಮದಿಯ ತಾಣವಾಗಿರಲಿಲ್ಲವೆಂಬುದು ಸ್ಪಷ್ಟ. ಈಗಿನ ಜಿನಾಲಯಗಳ ಸಮೂಹ 15ನೆಯ ಶತಮಾನದ್ದು. ಭಂಡಾರವೂ ಅದರೊಂದಿಗೆ ಬಂದದ್ದು.

ಪಾರ್ಶ್ವನಾಥ ಜಿನಾಲಯವು ವಿ.ಸಂ. 1473ರಲ್ಲಿ (ಕ್ರಿ.ಶ. 1416-17) ಪ್ರತಿಷ್ಠಿತವಾಯಿತು. ಆಗ ಆಳುತ್ತಿದ್ದ ರಾವಳ ಲಕ್ಷ್ಮಣನ ಹೆಸರಿನಿಂದ ಅದಕ್ಕೆ 'ಲಕ್ಷ್ಮಣವಿಹಾರ'ವೆಂಬ ಅಭಿಧಾನ. ಅರಸನಲ್ಲದವರು ಕಟ್ಟಿಸಿದ ಬಸದಿಗೆ ಅರಸನ ಹೆಸರಿಡುವ ಪದ್ಧತಿ ದಕ್ಷಿಣದಲ್ಲಿಯೂ ಉಂಟು. ಮುಂಭಾಗದ ತೋರಣ, ಸುತ್ತಲಿನ ದೇವಕುಲಿಕೆಗಳ ಸಾಲು, ಕೆತ್ತನೆಯ ಕಂಬಗಳು, ಇವೆಲ್ಲ ಗುಜರಾತಿನ ಸೋಲಂಕಿ ಪರಂಪರೆಯನ್ನು ಹಳದಿ ಕಲ್ಲಿನಲ್ಲಿ ಮುಂದುವರಿಸುತ್ತವೆ. ಅದಕ್ಕೆ ಅಂಟಿಕೊಂಡಂತೆ ಸಂಭವನಾಥ ಜಿನಾಲಯವಿದೆ. ರಾವಳ ವೈರಿಸಿಂಹನ ಕಾಲದಲ್ಲಿ ಚೋಪಡಾ ಗೋತ್ರದ ಸಹೋದರರು ವಿ.ಸಂ. 1494ರಲ್ಲಿ ಆರಂಭಿಸಿದ ಈ ಜಿನಾಲಯವನ್ನು ವಿ.ಸಂ. 1497ರಲ್ಲಿ (ಕ್ರಿ.ಶ. 1440-41) ಖರತರಗಚ್ಛದ ಆಚಾರ್ಯ ಜಿನಭದ್ರಸೂರಿಗಳು ಪ್ರತಿಷ್ಠಾಪಿಸಿದರು. ಶಾಂತಿನಾಥ-ಕುಂಥುನಾಥರ ಎರಡಂತಸ್ತಿನ ಜಿನಾಲಯ (ವಿ.ಸಂ. 1536), ಚಂದ್ರಪ್ರಭ, ಋಷಭದೇವ, ಶೀತಲನಾಥ ಜಿನಾಲಯಗಳು ಆಮೇಲಿನವು. ಎಲ್ಲವೂ ಮೊಳಕೈ ತಾಗುವಷ್ಟು ಒತ್ತಿನಲ್ಲಿ, ಒಂದರಿಂದೊಂದಕ್ಕೆ ಒಳದಾರಿಗಳಿಂದ ಕೂಡಿಕೊಂಡಿವೆ. ದುರ್ಗದ ನೆಲ ಅಷ್ಟು ಇಕ್ಕಟ್ಟು.

ಜಿನಭದ್ರಸೂರಿಗಳು ಗ್ರಂಥಸಂರಕ್ಷಣೆಯನ್ನೇ ಜೀವನದ ಕಾರ್ಯವಾಗಿ ಮಾಡಿಕೊಂಡವರು. ಜೈಸಲ್ಮೇರಿನಲ್ಲಷ್ಟೇ ಅಲ್ಲದೆ ಪಾಟಣ, ಖಂಭಾತ, ಜಾಲೋರ, ನಾಗೋರಗಳಲ್ಲಿಯೂ ಭಂಡಾರಗಳನ್ನು ಸ್ಥಾಪಿಸಿದರೆಂದು ಅವರ ಗಚ್ಛದ ಪರಂಪರೆ ಸ್ಮರಿಸುತ್ತದೆ. ದೇವಗಿರಿಯ ಹೆಸರೂ ಆ ಪಟ್ಟಿಯಲ್ಲಿದೆ. ಕಾಗದವು ತಾಳೆಗರಿಯ ಸ್ಥಾನವನ್ನು ಆಕ್ರಮಿಸುತ್ತಿದ್ದ ಕಾಲವದು. ಅಂಥ ಹೊತ್ತಿನಲ್ಲಿ ಖಂಭಾತದ ಶ್ರಾವಕರ ನೆರವಿನಿಂದ ತಾಳೆಗರಿಯ ಮೇಲೆಯೇ ಪ್ರಾಚೀನ ಗ್ರಂಥಗಳ ಹೊಸ ಪ್ರತಿಗಳನ್ನು ಮಾಡಿಸಿ ಜೈಸಲ್ಮೇರಿಗೆ ತರಿಸಿದರು. ಹಳೆಯ ಪ್ರತಿಗಳನ್ನೂ ಸಂಗ್ರಹಿಸಿದರು. ಕಡಲತೀರದ ಆರ್ದ್ರ ಪಟ್ಟಣದಲ್ಲಿ ಬರೆಸಿ ಮರುಭೂಮಿಯ ಒಣಗುಡ್ಡದಲ್ಲಿ ಇಡಿಸಿದ ಈ ಕ್ರಮವು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಬರೆಯಲು ಲಿಪಿಕಾರರೂ ಧನವೂ ಇದ್ದ ಸ್ಥಳ ಒಂದು. ಇಡಲು ಯೋಗ್ಯವಾದ ಸ್ಥಳ ಮತ್ತೊಂದು. ಸೂರಿಗಳು ಎರಡನ್ನೂ ಬಲ್ಲವರಾಗಿದ್ದರು.

ಸಂಭವನಾಥ ಜಿನಾಲಯದ ನೆಲದಡಿಯಲ್ಲಿ ಕಲ್ಲಿನ ಕೋಣೆಗಳು. ಬೆನ್ನು ಬಾಗಿಸಿ ನುಸುಳಬೇಕಾದ ಕಿರಿದಾದ ಪ್ರವೇಶ. ಯಾರೊಬ್ಬರ ಇಚ್ಛೆಯಿಂದಲೂ ತೆರೆಯದ, ಸಂಘದ ಅನುಮತಿಯನ್ನು ಬಯಸುವ ಬಾಗಿಲು. ಕೋಟೆಯ ನಾಲ್ಕು ಹೆಬ್ಬಾಗಿಲುಗಳ ಒಳಗೆ ಇದು ಐದನೆಯದು. ಆದರೆ ಗ್ರಂಥಗಳ ಶತ್ರು ಸೈನಿಕನೊಬ್ಬನೇ ಅಲ್ಲ. ಗರಿಗೆ ತೇವ ತಗುಲಿದರೆ ಬೂಷ್ಟು ಹತ್ತುತ್ತದೆ, ಹುಳು ಬೀಳುತ್ತದೆ, ಗರಿಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗುತ್ತವೆ. ತೀರ ಒಣಗಿದರೂ ಕೇಡೇ. ಪೆಡಸಾಗಿ ಮುಟ್ಟಿದರೆ ಮುರಿಯುತ್ತವೆ. ಬೇಸಿಗೆಯ ಹಗಲಿನಲ್ಲಿ 45 ಡಿಗ್ರಿಯನ್ನು ಮೀರುವ, ಚಳಿಗಾಲದ ರಾತ್ರಿಯಲ್ಲಿ 5 ಡಿಗ್ರಿಯವರೆಗೂ ಇಳಿಯುವ ಆ ಪ್ರದೇಶದಲ್ಲಿ ನೆಲಮಾಳಿಗೆಯ ಉಷ್ಣತೆ ಮಾತ್ರ ವರ್ಷವೆಲ್ಲ ಹೆಚ್ಚು ಏರಿಳಿಯದು. ದಪ್ಪ ಕಲ್ಲು, ಒಣ ಗುಡ್ಡ, ಮುಚ್ಚಿದ ಕೋಣೆ ಮೂರೂ ಸೇರಿ ಗರಿಗೆ ಬೇಕಾದ ಹದವನ್ನು ಒದಗಿಸಿದವು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳು ಉಳಿದುದು ಇದಕ್ಕೆ ತೀರ ವಿರುದ್ಧವಾದ ಪರಿಸರದಲ್ಲಿ, ಭೋರ್ಗರೆಯುವ ಮಳೆಯ ನಡುವೆ, ಶ್ರಾವಕರ ನಿರಂತರ ಎಚ್ಚರದ ಬಲದಿಂದ. ಅಲ್ಲಿ ಮನುಷ್ಯರು ಮಾಡಿದ್ದನ್ನು ಇಲ್ಲಿ ಬಹುಪಾಲು ಗುಡ್ಡ ಮಾಡಿತು. ಪ್ರಸಂಗವಶಾತ್ ಇನ್ನೊಂದು ಮಾತು: ಉತ್ತರದ ತಾಡಪತ್ರಗಳು ಮಸಿಯಿಂದ ಬರೆದವು, ನಮ್ಮವು ಕಂಟದಿಂದ ಕೊರೆದವು ಎಂಬ ಸಾಮಾನ್ಯ ವಿಭಾಗಕ್ಕೆ ಮೂಡಬಿದಿರೆಯ ಧವಲಾ ಪ್ರತಿಗಳೇ ಅಪವಾದ; ಅವೂ ಮಸಿಯಲ್ಲಿ ಬರೆದವು. ತೇವವೆಂದರೆ ಎರಡೂ ಕಡೆ ಒಂದೇ ಭಯ.

ಭಂಡಾರದ ತಾಡಪತ್ರ ಕಟ್ಟುಗಳು ಸುಮಾರು 400. ವಿಶೇಷಾವಶ್ಯಕಭಾಷ್ಯದ ಒಂದು ಪ್ರತಿಯನ್ನು ಲಿಪಿಯ ಆಧಾರದಿಂದ 10ನೆಯ ಶತಮಾನದ್ದೆಂದು ನಿರ್ಣಯಿಸಲಾಗಿದೆ. ವಿ.ಸಂ. 1117ರ (ಕ್ರಿ.ಶ. 1060) ಓಘನಿರ್ಯುಕ್ತಿ ಪ್ರತಿ ಕಾಲೋಲ್ಲೇಖವುಳ್ಳ ಸಚಿತ್ರ ಜೈನ ತಾಡಪತ್ರಗಳಲ್ಲಿ ಅತ್ಯಂತ ಹಳೆಯದು. ಆಗಮಗಳಷ್ಟೇ ಅಲ್ಲ, ಅನ್ಯದರ್ಶನಗಳ ಗ್ರಂಥಗಳನ್ನೂ ಈ ಶ್ವೇತಾಂಬರ ಭಂಡಾರವು ನಿಷ್ಪಕ್ಷಪಾತವಾಗಿ ಕಾಪಾಡಿತು. ಬೌದ್ಧ ಶಾಂತರಕ್ಷಿತನ ತತ್ತ್ವಸಂಗ್ರಹವು ಸಂಸ್ಕೃತದಲ್ಲಿ ನಮಗೆ ಉಳಿದುದು ಪಾಟಣ ಮತ್ತು ಜೈಸಲ್ಮೇರಿನ ಜೈನರ ಕೃಪೆಯಿಂದ. ಕುಂತಕನ ವಕ್ರೋಕ್ತಿಜೀವಿತದ ವಿರಳ ಪ್ರತಿಗಳಲ್ಲಿ ಒಂದು ಇಲ್ಲಿಯದು; ಡಾ. ಕೆ. ಕೃಷ್ಣಮೂರ್ತಿಯವರು ಸಂಪಾದಿಸಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1977ರಲ್ಲಿ ಪ್ರಕಟಿಸಿದ ಆವೃತ್ತಿಗೆ ಅದೂ ಆಧಾರಗಳಲ್ಲೊಂದು. ಉದ್ಯೋತನಸೂರಿಯು ಶಕ 700ರಲ್ಲಿ ಜಾಲೋರದಲ್ಲಿ ಮುಗಿಸಿದ ಪ್ರಾಕೃತ ಕುವಲಯಮಾಲೆಗೆ ಡಾ. ಆ. ನೇ. ಉಪಾಧ್ಯೆಯವರಿಗೆ ದೊರೆತ ಪ್ರತಿಗಳು ಎರಡೇ. ಅವುಗಳಲ್ಲಿ ಹಳೆಯದು ವಿ.ಸಂ. 1139ರ ಜೈಸಲ್ಮೇರಿನ ತಾಡಪತ್ರ. ಆ ಕಥೆಯ ಪೇಟೆಯ ಪ್ರಸಂಗದಲ್ಲಿ ನಾನಾ ದೇಶಗಳ ವರ್ತಕರು ತಮ್ಮ ತಮ್ಮ ನುಡಿಯಲ್ಲಿ ಮಾತನಾಡುತ್ತಾರೆ, ಕರ್ಣಾಟಕದವರೂ ಅಲ್ಲಿದ್ದಾರೆ. ಕವಿರಾಜಮಾರ್ಗಕ್ಕಿಂತ ಮುಂಚೆ ಮರುನಾಡಿನ ಕವಿಯೊಬ್ಬನು ಕಿವಿಗೊಟ್ಟು ಕೇಳಿದ ಕನ್ನಡದ ಸದ್ದು ಅದು. ಸದಲಗೆಯಲ್ಲಿ ಹುಟ್ಟಿದ ವಿದ್ವಾಂಸರಿಂದಲೇ ಅದು ಬೆಳಕಿಗೆ ಬಂದುದು ನಮಗೆ ವಿಶೇಷ ಸಂತೋಷದ ಸಂಗತಿ.

ಇನ್ನೊಂದು ನಂಟು ಅಷ್ಟು ಸಿಹಿಯಾದುದಲ್ಲ. ಜೈಸಲ್ಮೇರಿನ ಗ್ರಂಥಗಳ ಚಿತ್ರಿತ ಮರದ ಹಲಗೆಗಳಲ್ಲಿ ಒಂದು, ಮುನಿ ಜಿನವಿಜಯರು ಬೆಳಕಿಗೆ ತಂದುದು, ಅಣಹಿಲಪಾಟಣದಲ್ಲಿ ಸಿದ್ಧರಾಜ ಜಯಸಿಂಹನ ಸಭೆಯಲ್ಲಿ ವಿ.ಸಂ. 1181ರಲ್ಲಿ ನಡೆದ ವಾದೀ ದೇವಸೂರಿ ಮತ್ತು ಕುಮುದಚಂದ್ರರ ವಾದವನ್ನು ಚಿತ್ರಿಸುತ್ತದೆ. ಕುಮುದಚಂದ್ರರು ಕರ್ಣಾಟಕದ ದಿಗಂಬರ ಮುನಿಗಳು. ಸಿದ್ಧರಾಜನ ತಾಯಿ ಮಯಣಲ್ಲದೇವಿಯೂ ಕರ್ಣಾಟಕದ ಜಯಕೇಶಿಯ ಮಗಳು. ವಾದದಲ್ಲಿ ಗೆದ್ದವರು ಯಾರೆಂಬುದನ್ನು ಗೆದ್ದ ಪಕ್ಷದ ಪ್ರಬಂಧಗಳಿಂದಲೂ ಕುಂಚದಿಂದಲೂ ಮಾತ್ರ ತಿಳಿಯುತ್ತಿದ್ದೇವೆ ಎಂಬುದನ್ನು ದಿಗಂಬರ ಓದುಗರು ಮರೆಯಲಾರರು, ಮರೆಯಬೇಕಾಗಿಯೂ ಇಲ್ಲ. ಆದರೂ 12ನೆಯ ಶತಮಾನದ ದಿಗಂಬರ ಮುನಿಗಳ ಸಮಕಾಲೀನಪ್ರಾಯವಾದ ಚಿತ್ರವೊಂದು ಉಳಿದಿದ್ದರೆ ಅದು ಪ್ರತಿಪಕ್ಷದ ಹಲಗೆಯ ಮೇಲೆ. ಅದನ್ನು ಉಳಿಸಿದವರಿಗೆ ನಾವು ಋಣಿಗಳೇ.

ಬ್ಯೂಲರರ ನಂತರ ಶ್ರೀಧರ ಭಾಂಡಾರಕರರು 1904-05ರ ಸುಮಾರಿಗೆ, ಚಿ. ಡಾ. ದಲಾಲರು 1916ರಲ್ಲಿ ಇಲ್ಲಿಗೆ ಬಂದರು. ದಲಾಲರ ಅಕಾಲ ಮರಣದ ನಂತರ ಪಂಡಿತ ಲಾಲಚಂದ್ರ ಗಾಂಧಿಯವರು ಪೂರ್ಣಗೊಳಿಸಿದ ಸೂಚಿ 1923ರಲ್ಲಿ ಬರೋಡೆಯಿಂದ ಹೊರಬಂದಿತು. 1942ರಲ್ಲಿ ಮುನಿ ಜಿನವಿಜಯರು ತಂಗಿದ್ದರು. ಆದರೆ ಭಂಡಾರದ ನಿಜವಾದ ಪುನರುದ್ಧಾರ ಆಗಮಪ್ರಭಾಕರ ಮುನಿ ಪುಣ್ಯವಿಜಯಜಿಯವರದು. ಅವರು 1950ರಲ್ಲಿ ಮರುಭೂಮಿಯನ್ನು ಕಾಲ್ನಡೆಯಿಂದಲೇ ದಾಟಿ ಬಂದು ಒಂದು ವರ್ಷಕ್ಕೂ ಮೇಲ್ಪಟ್ಟು ಅಲ್ಲಿ ನಿಂತರು. ಚೆದುರಿದ್ದ ಗರಿಗಳನ್ನು ಕೂಡಿಸಿ, ಅಂಟಿದವನ್ನು ಬಿಡಿಸಿ, ಮುರಿದವನ್ನು ಹೊಂದಿಸಿ, ಲೋಹದ ಪೆಟ್ಟಿಗೆಗಳಲ್ಲಿ ಕ್ರಮವಾಗಿರಿಸಿ, ಮುಖ್ಯ ಪ್ರತಿಗಳ ಮೈಕ್ರೋಫಿಲ್ಮ್ ಮಾಡಿಸಿದರು. ಅವರ ಸೂಚಿ 1972ರಲ್ಲಿ ಅಹಮದಾಬಾದಿನ ಲಾಲಭಾಯಿ ದಲಪತಭಾಯಿ ಸಂಸ್ಥೆಯಿಂದ, ಅವರು ಕಾಲವಾದ ಮರುವರ್ಷ, ಪ್ರಕಟವಾಯಿತು. ಮುನಿ ಜಂಬೂವಿಜಯಜಿಯವರ ನೇತೃತ್ವದಲ್ಲಿ ತಾಡಪತ್ರಗಳ ಹೊಸ ಛಾಯಾಪ್ರತಿಗಳು ಸಿದ್ಧವಾಗಿ, 2000ದಲ್ಲಿ ಮತ್ತೊಂದು ಸೂಚಿ ಬಂದಿತು.

ಇಷ್ಟರಲ್ಲಿ ದುರ್ಗದ ಸ್ಥಿತಿ ಬದಲಾಗಿತ್ತು. ಇದು ಜನ ಬಿಟ್ಟುಹೋದ ಹಾಳುಕೋಟೆಯಲ್ಲ; ಸಾವಿರಾರು ಜನರು ವಾಸವಾಗಿರುವ ಊರು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಗುಡ್ಡದ ಮೇಲಕ್ಕೆ ನಲ್ಲಿಯ ನೀರು ಏರಿತು. ಪ್ರವಾಸಿಗಳು ಹೆಚ್ಚಿದರು, ಮನೆಗಳು ವಸತಿಗೃಹಗಳಾದವು, ಸ್ನಾನಗೃಹ ಶೌಚಗೃಹಗಳು ಬಂದವು. ಕೊಡದಿಂದ ಅಳೆದು ಬಳಸುತ್ತಿದ್ದ ನೀರು ಹಗಲೂ ರಾತ್ರಿಯೂ ಹರಿಯತೊಡಗಿತು. ಅಲ್ಪ ಮಳೆಗಾಗಿ ರೂಪಿಸಿದ ಘುಟ್ ನಾಲಿಗಳು ಕೆಲವು ಮುಚ್ಚಿಹೋದವು, ಕೆಲವುಗಳ ಮೇಲೆ ಮನೆಗಳೇ ಎದ್ದವು. ಒಡೆದ ಕೊಳವೆಗಳ ಮತ್ತು ತೆರೆದ ಚರಂಡಿಗಳ ನೀರು ಗುಡ್ಡದ ಒಡಲಿಗೆ ಇಳಿಯಿತು. ಜೇಡಿಯ ಪದರಗಳು ಉಬ್ಬಿ ಜಾರಿದವು. ಗಾರೆಯಿಲ್ಲದ ಗೋಡೆ ತನ್ನ ಭಾರದಿಂದಲೇ ನಿಂತಿರುವಂಥದು. ಬುಡ ಸರಿದರೆ ಅದಕ್ಕೆ ಬೇರೆ ಹಿಡಿತವಿಲ್ಲ. 1990ರ ದಶಕದಲ್ಲಿ ಕೊತ್ತಳಗಳು ಬಿದ್ದವು, ಪ್ರಾಣಹಾನಿಯೂ ಆಯಿತು. ವಿಶ್ವ ಸ್ಮಾರಕ ನಿಧಿಯು 1996ರಲ್ಲಿ ದುರ್ಗವನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ಯುನೆಸ್ಕೋ ಇದನ್ನು ಚಿತ್ತೋಡ, ಕುಂಭಲಗಢ, ರಣಥಂಭೋರ, ಗಾಗರೋನ, ಆಮೇರ ದುರ್ಗಗಳೊಂದಿಗೆ 'ರಾಜಸ್ಥಾನದ ಗಿರಿದುರ್ಗಗಳು' ಎಂಬ ಹೆಸರಿನಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಏರಿಸಿತು. ಪಟ್ಟಿಗಳು ನೀರನ್ನು ತಡೆಯಲಾರವು. 2024ರ ಆಗಸ್ಟಿನ ಮಳೆಯಲ್ಲಿ ಗೋಡೆಯ ಒಂದು ಭಾಗ ಮತ್ತೆ ಕುಸಿಯಿತು.

ಛಾಯಾಪ್ರತಿಗಳು ಇರುವುದರಿಂದ ಮೂಲಪ್ರತಿಗೆ ಏನಾದರೂ ಪಾಠ ಉಳಿಯುತ್ತದೆಂಬ ಸಮಾಧಾನದ ಮಾತನ್ನು ಕೆಲವರು ಆಡುತ್ತಾರೆ. ಪಾಠ ಉಳಿಯುವುದು ನಿಜ. ಆದರೆ ತಿದ್ದುಪಡಿಯ ಮಸಿ ಮೂಲದ ಮಸಿಯೇ, ಬೇರೆ ಕೈಯದೇ? ಪುಷ್ಪಿಕೆಯಲ್ಲಿ ಅಳಿಸಿದ ಹೆಸರಿನ ಕೆಳಗೆ ಏನಿತ್ತು? ಈ ಗರಿ ಇದೇ ಕಟ್ಟಿನದೇ, ಸೇರಿಸಿದ್ದೇ? ಇಂಥ ಪ್ರಶ್ನೆಗಳಿಗೆ ಗರಿಯನ್ನೇ ಬೆಳಕಿಗೆ ಹಿಡಿದು ನೋಡಬೇಕಾಗುತ್ತದೆ. ಸಂಪಾದನೆಯ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಗರಿಗಳು ಈಗಲೂ ತ್ರಿಕೂಟದ ಮೇಲೆಯೇ ಇವೆ. ಪುರಾತತ್ತ್ವ ಇಲಾಖೆಯವರು, ವಾಸ್ತುಶಿಲ್ಪಿಗಳು, ನಗರಸಭೆಯವರು ಸೇರಿ ದುರ್ಗದ ಚರಂಡಿಗಳ ಬಗ್ಗೆ ಚರ್ಚಿಸುವ ಸಭೆಗಳಲ್ಲಿ ಗ್ರಂಥಶಾಸ್ತ್ರ ಬಲ್ಲವರೊಬ್ಬರೂ ಕುಳಿತುಕೊಳ್ಳುವುದು ಯುಕ್ತ. ಸಂಭವನಾಥ ಜಿನಾಲಯದ ಸುತ್ತಲಿನ ಹಳೆಯ ಘುಟ್ ನಾಲಿಗಳು ಎಲ್ಲೆಲ್ಲಿ ಹಾಯುತ್ತಿದ್ದವು, ಅವುಗಳಲ್ಲಿ ಎಷ್ಟು ಇನ್ನೂ ತೆರೆದಿವೆ ಎಂಬುದನ್ನು ಗುರುತಿಸುವ ಕೆಲಸದಿಂದ ಅದು ಆರಂಭವಾಗಬಹುದು.